ಕೋಡಿಬಾಗದ ಚಿಲಕಗಳು

ಮೊದಲು ಅವನು ಕೇಳಿದ್ದು ಬರೀ ಹಗ್ಗ,
ದೋಣಿಗೆ ಕಟ್ಟುವ ನೀಲಿ ನೈಲಾನು, ಎಂಟು ಮೊಳ.
ಮೀನಿನವನಲ್ಲ, ನೋಡಿದರೆ ತಿಳಿಯುತ್ತಿತ್ತು:
ಚಪ್ಪಲಿಗೆ ಲದ್ದಿ, ಕಿಸೆಯಲ್ಲಿ ಬೆಲ್ಲ.
ಹೆಸರು ದಸ್ತಗೀರ, ಹಳಿಯಾಳದ ಕಡೆಯವನು.
ಕಡಲತೀರದಲ್ಲಿ ಮಕ್ಕಳನ್ನು ಕೂರಿಸಿ
ಕಂಬದಿಂದ ಮುರುಕು ದೋಣಿಯವರೆಗೆ,
ದೋಣಿಯಿಂದ ಕಂಬದವರೆಗೆ,
ಸುತ್ತಿಗೆ ಐವತ್ತು.
ಎರಡು ಕುದುರೆ. ಒಂದು ಶೇವಂತಿ.
ಇನ್ನೊಂದು ಅವಳ ಬಾಲ ನೋಡಿಯೇ ನಡೆವ
ಗಿಡ್ಡ ತಟ್ಟು, ಚುರ್ಮುರಿ.

ಹಗ್ಗ ಮೂರು ದಿನ.
ನಾಲ್ಕನೆಯ ಬೆಳಿಗ್ಗೆ ಶಟರ್ ಎತ್ತುವ ಮೊದಲೇ
ಮೆಟ್ಟಿಲ ಮೇಲೆ ಕೂತಿದ್ದ.
"ಹರದಿಲ್ಲ, ಕಡದಿಲ್ಲ ಪೆಡ್ನೇಕರಣ್ಣಾರ,
ಗಂಟ ಬಿಚ್ಚ್ಯಾಳ್ರಿ.
ನಮ್ಮವ್ವ ಸೆರಗಿನ ಗಂಟು ಬಿಚ್ಚಿದ್ಹಂಗ."

ಕೊಂಡಿ ಕೊಟ್ಟೆ. ಅಗಳಿ ಕೊಟ್ಟೆ.
ಸ್ಪ್ರಿಂಗಿನ ಚಿಲಕ, ಅಲಿಗಢದ ಮಾಲು,
ಮಂಗ ಕೂಡ ತೆರೆಯಲಾರದೆಂದು ಆಣೆ ಹಾಕಿ ಕೊಟ್ಟೆ.
ಮಂಗ ತೆರೆಯಲಿಲ್ಲ, ನಿಜ.
ಕೊನೆಗೆ ಸರಪಳಿ, ಒಂದು ಕೇಜಿ ಇನ್ನೂರು ಗ್ರಾಂ.
"ಕಾಲಿಗೆ ಹಾಕೂದಿಲ್ರಿ, ಬಾಗ್ಲಕ್ಕ," ಎಂದ
ನಾನು ಕೇಳದಿದ್ದರೂ.

ಮೂವತ್ತೊಂದು ವರ್ಷದ ಅಂಗಡಿ ನನ್ನದು.
ಬೀಗ ಮಾರಿದ್ದೇನೆ ಅಣ್ಣತಮ್ಮಂದಿರಿಗೆ
ಒಂದೇ ಮನೆಯ ಎರಡು ಬಾಗಿಲಿಗೆ, ಒಂದೇ ದಿನ.
ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಕೆಲವರು
ಮನೆ ನೆಲಸಮವಾದ ಮೇಲೂ
ನನ್ನ ಬೀಗದ ಕೈ ಜೋಪಾನ ಇಟ್ಟಿದ್ದಾರೆ.
ಮಾರಿದ ಮಾಲು ಹೀಗೆ ದಿನಾ ಸೋತದ್ದು ಮಾತ್ರ
ಇದೇ ಮೊದಲು.

ಹುಣ್ಣಿಮೆಗೆ ಎರಡು ದಿನ ಇರುವಾಗ
ಲೆಕ್ಕದ ಪುಸ್ತಕ ಮರೆತೆನೆಂದು ಹೆಂಡತಿಗೆ ಹೇಳಿ
ತಗಡಿನ ಲಾಯದ ಆಚೆ, ಬಲೆಗಳ ರಾಶಿಯ ಮರೆಗೆ ಕೂತೆ.
ಕಾಳಿ ನದಿಯ ಕಡೆಯಿಂದ ಗಾಳಿ, ಒಣಮೀನಿನ ವಾಸನೆ,
ಹೆದ್ದಾರಿಯಲ್ಲಿ ಗೋವೆಯ ಲಾರಿ.

ಮೊದಲು ಅವಳು ಕೇಳಿಸಿಕೊಂಡಳು.
ಒಂದು ಕಿವಿ ದಸ್ತಗೀರನ ಗೊರಕೆಗೆ,
ಇನ್ನೊಂದು ಕಡಲಿಗೆ.
ಆಮೇಲೆ ತುಟಿ ಹೊರಗೆ ಬಂತು, ಮೇಲ್ದುಟಿ ಮಾತ್ರ,
ಕತ್ತಲಲ್ಲಿ ಸ್ವಿಚ್ಚು ಹುಡುಕುವ ಬೆರಳಿನಂತೆ
ಕಬ್ಬಿಣವನ್ನು ತಡವಿ ತಡವಿ
ಕೊಕ್ಕೆ ಎತ್ತಿ, ಎಡಕ್ಕೆ ತಳ್ಳಿ,
ಒಂದು ಕೇಜಿ ಇನ್ನೂರು ಗ್ರಾಂ ಸರಪಳಿಯನ್ನು
ಸದ್ದಾಗದಂತೆ ನೆಲಕ್ಕಿಳಿಸಿದಳು.
ಪಕ್ಕದ ಗೂಡಿಗೆ ಹೋಗಿ ಅಗಳಿ ಎಳೆದಳು.
ಚುರ್ಮುರಿಗೆ ಇನ್ನೂ ವಿದ್ಯೆ ಬಂದಿಲ್ಲ.

ಓಡುತ್ತಾಳೆ ಅಂದುಕೊಂಡೆ. ಓಡಲಿಲ್ಲ.
ಕಂಬದಿಂದ ದೋಣಿಯ ಕಡೆಗೆ
ಹಗಲಿನ ಅದೇ ನಡಿಗೆ, ಮಗು ಬೀಳದ ಹಾಗೆ.
ದೋಣಿ ಬಂತು. ತಿರುಗಲಿಲ್ಲ.
ಅಲ್ಲಿಂದ ಇನ್ನೊಂದು ನೂರು ಹೆಜ್ಜೆ, ಅಷ್ಟೇ,
ಯಾರೂ ದುಡ್ಡು ಕೊಡದ ಮರಳಿಗೆ ಹೋಗಿ
ಮೊಣಕಾಲು ಮಡಚಿ ಧೊಪ್ಪನೆ ಉರುಳಿ
ಜೀನು ಕೂರುವ ಜಾಗವನ್ನು ತಿಕ್ಕಿದಳು, ತಿಕ್ಕಿದಳು,
ನಾಲ್ಕೂ ಕಾಲು ಚಂದ್ರನ ಕಡೆಗೆ ಒದೆಯುತ್ತಾ.
ಅಷ್ಟು ದೊಡ್ಡ ಬಿಳಿಯ ಹೊಟ್ಟೆ!
ಯಾರದೋ ಬಚ್ಚಲಿಗೆ ಇಣುಕಿದವನಂತೆ
ಮುಖ ತಿರುಗಿಸಿದೆ.

ಮೂರು ಗಂಟೆಗೆ ತಾವೇ ಹಿಂತಿರುಗಿದವು.

ಮರುದಿನ ಏಳು ಲಿವರಿನ ಬೀಗ ತೆಗೆದಿಟ್ಟೆ,
ಡಬ್ಬಿಯಲ್ಲೇ, ಕೌಂಟರಿನ ಮೇಲೆ,
ಮಾರಲೋ ಬೇಡವೋ ತಿಳಿಯದೆ.
ಅವನು ಅದನ್ನು ಮುಟ್ಟಲಿಲ್ಲ.
"ಹೋಗ್ಲಿ ಬಿಡ್ರಿ, ನಸಿಕಿನ್ಯಾಗ ಬಂದಿರತಾಳ.
ಆದ್ರ ಬಾಗ್ಲಾ ತೆರದಿಟ್ಟ ಮಕ್ಕೋತಾಳ,
ನಾಯಿ ಬರತಾವ, ಸಣ್ಣದು ಅಂಜತೈತಿ.
ಒಳಗಿಂದ ಹಾಕ್ಕೊಳ್ಳೂ ಚಿಲಕ ಐತೇನ್ರಿ?"

ಇತ್ತು. ಹಿತ್ತಾಳೆಯದು,
ಮೂಲೆಯ ಡಬ್ಬಿಯಲ್ಲಿ ಧೂಳು ತಿನ್ನುತ್ತಿತ್ತು.
ಒರೆಸಿ ಎರಡು ಹನಿ ಎಣ್ಣೆ ಬಿಟ್ಟೆ,
ತರಚದಿರಲೆಂದು ಅರದಿಂದ ಅಂಚು ಉಜ್ಜಿದೆ.
ಎಷ್ಟು ಎತ್ತರಕ್ಕೆ ಹೊಡೀತಿ, ಕೇಳಿದೆ
ಸ್ಕ್ರೂ ಎಣಿಸುತ್ತಾ.
ಅವನು ಕೈ ಎತ್ತಿ ಗಾಳಿಯಲ್ಲಿ ಒಂದು ಜಾಗ ತೋರಿಸಿದ,
ಗಲ್ಲ ಹಿಡಿದಂತೆ.